ಚೀನಾದ ಪ್ರೌಢಶಾಲಾ ಮಕ್ಕಳ ಇಂಗ್ಲಿಷ್ ಓದು: ಉತ್ತರ ಸರಿಯಿದ್ದೂ ಅರ್ಥ ತಪ್ಪಿದರೆ ಅಭ್ಯಾಸವನ್ನು ಹೇಗೆ ಬದಲಿಸಬೇಕು?

ಹಾಂಗ್‌ಝೌ ನಿವಾಸಿ ಬರೆದದ್ದು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಊರಿನಲ್ಲಿದ್ದಾಗ ಆರು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದೆ. ಪತಿಯ ಉದ್ಯೋಗದ ನಿಮಿತ್ತ ನಾಲ್ಕು ವರ್ಷಗಳಿಂದ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರದಲ್ಲಿದ್ದೇನೆ. ನಮ್ಮ ಎದುರು ಮನೆಯ ಹುಡುಗಿ ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳ ತಾಯಿ ಕೇಳಿಕೊಂಡಿದ್ದರಿಂದ ಭಾನುವಾರದ ಮಧ್ಯಾಹ್ನ ಎರಡು ಗಂಟೆ ಅವಳೊಂದಿಗೆ ಕುಳಿತು ಇಂಗ್ಲಿಷ್ ಓದುತ್ತೇನೆ. ಇದಕ್ಕೆ ನಾನು ಹಣ ತೆಗೆದುಕೊಳ್ಳುವುದಿಲ್ಲ, ಆದರೆ ಪಾಠ ಮುಗಿದ ಮೇಲೆ ಅವರ ಅಡುಗೆಮನೆಯಿಂದ ಬರುವ ಸೊಪ್ಪಿನ ಹೂರಣದ ಕಡುಬನ್ನು ಬೇಡವೆನ್ನುವುದೂ ಇಲ್ಲ.

ಇಲ್ಲಿಯ ಪರೀಕ್ಷೆಯ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರ ಕೊಡುತ್ತೇನೆ. ಹನ್ನೆರಡನೆಯ ತರಗತಿಯ ಕೊನೆಯಲ್ಲಿ ಬರೆಯುವ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯನ್ನು ಗಾವೊಕಾವೊ ಎನ್ನುತ್ತಾರೆ. ಇಂಗ್ಲಿಷ್ ಪತ್ರಿಕೆಗೆ 150 ಅಂಕ, 120 ನಿಮಿಷ. ಅದರಲ್ಲಿ ಓದಿನ ಭಾಗಕ್ಕೇ 50 ಅಂಕಗಳಿವೆ. ಎ, ಬಿ, ಸಿ, ಡಿ ಎಂಬ ನಾಲ್ಕು ಗದ್ಯಭಾಗಗಳ ಮೇಲೆ 15 ಪ್ರಶ್ನೆ, ಒಂದೊಂದಕ್ಕೆ 2.5 ಅಂಕ. ಅದಾದ ಮೇಲೆ ಐದು ಕಡೆ ವಾಕ್ಯಗಳನ್ನು ತೆಗೆದುಹಾಕಿರುವ ಇನ್ನೊಂದು ಗದ್ಯಭಾಗ ಬರುತ್ತದೆ. ಕೆಳಗೆ ಏಳು ವಾಕ್ಯಗಳಿರುತ್ತವೆ, ಸರಿಯಾದ ಐದನ್ನು ಆರಿಸಿ ಅವುಗಳ ಜಾಗದಲ್ಲಿ ಕೂರಿಸಬೇಕು; ಅದಕ್ಕೆ 12.5 ಅಂಕ. ನಮ್ಮ ಪ್ರಾಂತ್ಯದಲ್ಲಿ ಇಂಗ್ಲಿಷನ್ನು ಜನವರಿಯಲ್ಲೊಮ್ಮೆ, ಜೂನ್‌ನಲ್ಲೊಮ್ಮೆ ಬರೆಯುವ ಅವಕಾಶವಿದ್ದು, ಎರಡರಲ್ಲಿ ಹೆಚ್ಚು ಬಂದ ಅಂಕವನ್ನು ಪರಿಗಣಿಸುತ್ತಾರೆ.

ಈಗ ನನ್ನ ಸಮಸ್ಯೆಗೆ ಬರುತ್ತೇನೆ. ಕಳೆದ ಭಾನುವಾರ ಅವಳು ಅಭ್ಯಾಸ ಪುಸ್ತಕದ ನಾಲ್ಕು ಗದ್ಯಭಾಗಗಳನ್ನು ಮೂವತ್ತೈದು ನಿಮಿಷದೊಳಗೆ ಮುಗಿಸಿ, 15ರಲ್ಲಿ 13 ಸರಿ ಮಾಡಿದಳು. ನನಗೆ ಸಂತೋಷವಾಯಿತು. ಸುಮ್ಮನೆ ಮಾತಿಗೆಂದು ಮೂರನೆಯ ಗದ್ಯಭಾಗದಲ್ಲಿ ಏನಾಯಿತೆಂದು ಹೇಳುವಂತೆ ಕೇಳಿದೆ. ಗ್ರಂಥಾಲಯವೊಂದರ ಮೇಲ್ಛಾವಣಿಯಲ್ಲಿ ಜೇನು ಸಾಕಿದವರ ಕಥೆ ಅದು. ಅದರಲ್ಲಿ ಹೀಗೊಂದು ವಾಕ್ಯವಿತ್ತು: 'ದ ಬೀಸ್ ದಟ್ ದ ಲೈಬ್ರೇರಿಯನ್ ಹ್ಯಾಡ್ ಕೆಪ್ಟ್ ಆನ್ ದ ರೂಫ್ ವರ್ ಮೂವ್ಡ್ ಟು ಎ ಫಾರ್ಮ್.' ಅಂದರೆ, ಗ್ರಂಥಪಾಲಕರು ಛಾವಣಿಯ ಮೇಲೆ ಸಾಕಿದ್ದ ಜೇನುಗಳನ್ನು ತೋಟಕ್ಕೆ ಸಾಗಿಸಲಾಯಿತು. ಹುಡುಗಿ ಗಂಭೀರವಾಗಿ, 'ಗ್ರಂಥಪಾಲಕರು ಜೇನು ಸಾಕಿದ್ದರು, ಆಮೇಲೆ ಛಾವಣಿಯನ್ನು ತೋಟಕ್ಕೆ ಸಾಗಿಸಿದರು' ಎಂದಳು. ಛಾವಣಿಯನ್ನು ಹೇಗೆ ಸಾಗಿಸುತ್ತಾರೆಂದು ಕೇಳಿದ್ದಕ್ಕೆ, ತನಗೂ ಅದು ವಿಚಿತ್ರವೆನಿಸಿತ್ತು, ಆದರೆ ಪ್ರಶ್ನೆ ಅದರ ಮೇಲೆ ಇರಲಿಲ್ಲವಲ್ಲ ಎಂದು ಉತ್ತರಿಸಿದಳು. ಹಾಗಿದ್ದೂ ಆ ಗದ್ಯಭಾಗದ ನಾಲ್ಕೂ ಉತ್ತರ ಸರಿಯಾಗಿದ್ದವು! ಹೇಗೆಂದು ವಿಚಾರಿಸಿದರೆ, 'ಎ ಆಯ್ಕೆಯಲ್ಲಿ ಓನ್ಲಿ ಇದೆ, ಡಿ ಆಯ್ಕೆಯಲ್ಲಿ ಆಲ್ ಇದೆ, ಬಿ ಆಯ್ಕೆಯ ವಿಷಯ ಗದ್ಯದಲ್ಲೇ ಇಲ್ಲ, ಉಳಿದದ್ದು ಸಿ' ಎಂಬ ವಿವರಣೆ ಬಂತು. ಇಂಥ ಅತಿಯಾದ ಪದವಿರುವ ಆಯ್ಕೆ ತಪ್ಪಿರುತ್ತದೆಂಬುದು ಅವಳ ಲೆಕ್ಕ.

ಇಂಥ ಅಭ್ಯಾಸವನ್ನು ಮುಂದುವರಿಸಬೇಕೇ, ನಿಲ್ಲಿಸಿ ಬೇರೆ ದಾರಿ ಹಿಡಿಯಬೇಕೇ? ಪರೀಕ್ಷೆಗೆ ಇನ್ನು ಹೆಚ್ಚು ಸಮಯವಿಲ್ಲ. ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.


ಶೆನ್‌ಜೆನ್ ಕನ್ನಡಿಗ ಬರೆದದ್ದು

ಮೇಡಂ, ನಿಮ್ಮ ಆತಂಕ ಅರ್ಥವಾಗುತ್ತದೆ, ಆದರೂ ನಾನು ಹುಡುಗಿಯ ಪರವಾಗಿ ಮಾತನಾಡುತ್ತೇನೆ. ನಾನು ಹನ್ನೊಂದು ವರ್ಷಗಳಿಂದ ಇಲ್ಲಿದ್ದೇನೆ ಮತ್ತು ನನ್ನ ಸಹೋದ್ಯೋಗಿಗಳ ಮಕ್ಕಳು ಒಬ್ಬರ ಹಿಂದೆ ಒಬ್ಬರು ಈ ಪರೀಕ್ಷೆ ಬರೆಯುವುದನ್ನು ಹತ್ತಿರದಿಂದ ನೋಡಿದ್ದೇನೆ. 2024ರಲ್ಲಿ ಗಾವೊಕಾವೊಗೆ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷಕ್ಕೂ ಹೆಚ್ಚು. ಅಷ್ಟು ದೊಡ್ಡ ಸಾಲಿನಲ್ಲಿ ಒಂದೊಂದು ಅಂಕವೂ ಸಾವಿರಾರು ಜನರನ್ನು ಹಿಂದೆ ಹಾಕುತ್ತದೆ ಅಥವಾ ಮುಂದೆ ಬಿಡುತ್ತದೆ. 2.5 ಅಂಕದ ಪ್ರಶ್ನೆಯೊಂದನ್ನು ಯಾವ ದಾರಿಯಲ್ಲಾದರೂ ಸರಿ ಮಾಡುವ ಮಗುವನ್ನು ತಪ್ಪಿತಸ್ಥಳಂತೆ ನೋಡಬಾರದು.

ಇಲ್ಲಿ ಇದಕ್ಕೆ ಶುವಾ ಟೀ ಎಂಬ ಮಾತಿದೆ. ಪ್ರಶ್ನೆಗಳನ್ನು ಬ್ರಷ್‌ನಿಂದ ಉಜ್ಜುವುದು ಎಂದು ಅದರ ಅರ್ಥ: ಪಾತ್ರೆ ತಿಕ್ಕಿದ ಹಾಗೆ ಒಂದರ ಮೇಲೊಂದು ಪ್ರಶ್ನೆಪತ್ರಿಕೆ ಮುಗಿಸುತ್ತಾ ಹೋಗುವುದು. ಹಳೆಯ ಅಸಲಿ ಪ್ರಶ್ನೆಪತ್ರಿಕೆಗಳಿಗೆ ಝೆನ್ ಟೀ ಎನ್ನುತ್ತಾರೆ ಮತ್ತು ಅವುಗಳ ಸಂಗ್ರಹ ಪ್ರತಿ ಮನೆಯ ಮೇಜಿನ ಮೇಲೂ ಇಟ್ಟಿಗೆಯ ಗಾತ್ರದಲ್ಲಿ ಬಿದ್ದಿರುತ್ತದೆ. ಸಂಜೆಯ ಊಟದ ನಂತರ ಮಕ್ಕಳು ಮತ್ತೆ ಶಾಲೆಯಲ್ಲೇ ಕುಳಿತು ರಾತ್ರಿಯ ಸ್ವಂತ ಓದು ಮುಗಿಸಿ ಮನೆಗೆ ಬರುವ ವೇಳೆಗೆ ಅವರ ಬೆರಳಿನ ತುದಿ 2ಬಿ ಪೆನ್ಸಿಲಿನಿಂದ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಉತ್ತರ ಹಾಳೆಯನ್ನು ಯಂತ್ರ ಓದುವುದರಿಂದ ಆ ಪೆನ್ಸಿಲಿನಲ್ಲೇ ಚೌಕ ತುಂಬಬೇಕು.

ಆಯ್ಕೆಗಳನ್ನು ತೆಗೆದುಹಾಕುವ ವಿದ್ಯೆಯನ್ನು ಇಲ್ಲಿಯ ಅಧ್ಯಾಪಕರು ಗುಟ್ಟಾಗಿ ಹೇಳಿಕೊಡುವುದಿಲ್ಲ, ಪಾಠವಾಗಿಯೇ ಹೇಳುತ್ತಾರೆ. ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ವಿವರ ಕೇಳುವವು, ಊಹಿಸಿ ನಿರ್ಣಯಿಸಬೇಕಾದವು, ಮುಖ್ಯ ಅಭಿಪ್ರಾಯ ಕೇಳುವವು, ಗೆರೆ ಎಳೆದ ಪದದ ಅರ್ಥ ಕೇಳುವವು. ತಪ್ಪು ಆಯ್ಕೆಗಳಿಗೂ ಹೆಸರುಗಳಿವೆ. ಗದ್ಯದಲ್ಲಿ ಇಲ್ಲದ್ದನ್ನು ಸೃಷ್ಟಿಸಿದ್ದು ಒಂದು ಬಗೆ, ಭಾಗವನ್ನೇ ಪೂರ್ಣವೆಂದು ಹೇಳಿದ್ದು ಇನ್ನೊಂದು, ಒಬ್ಬರು ಮಾಡಿದ್ದನ್ನು ಮತ್ತೊಬ್ಬರ ಹೆಸರಿಗೆ ಹಾಕಿದ್ದು ಮಗದೊಂದು. ಈ ಕೊನೆಯದಕ್ಕೆ ಚೀನೀಯರು ಹಳೆಯ ನುಡಿಗಟ್ಟನ್ನೇ ಬಳಸುತ್ತಾರೆ: ಝಾಂಗ್‌ನ ಟೋಪಿ ಲೀಯ ತಲೆಗೆ. ಒಂದು ಮಾತು ಯೋಚಿಸಿ. ಗದ್ಯದಲ್ಲಿ ಇಂಥದ್ದು ಇಲ್ಲ ಎಂದು ಖಚಿತವಾಗಿ ಹೇಳಬೇಕಾದರೆ ಗದ್ಯವನ್ನು ಓದಿಯೇ ಇರಬೇಕಲ್ಲವೇ? ತೆಗೆದುಹಾಕುವುದೂ ಒಂದು ಬಗೆಯ ಓದೇ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಎಲ್ಲ ಉಪಾಯಗಳನ್ನೂ ನಾನು ಒಪ್ಪುವುದಿಲ್ಲ. 'ಮೂರು ಉದ್ದ, ಒಂದು ಗಿಡ್ಡ ಇದ್ದರೆ ಗಿಡ್ಡದನ್ನು ಆರಿಸು. ಮೂರು ಗಿಡ್ಡ, ಒಂದು ಉದ್ದ ಇದ್ದರೆ ಉದ್ದದನ್ನು ಆರಿಸು' ಎಂಬ ಪ್ರಾಸದ ಮಾತು ಇಲ್ಲಿ ಮಕ್ಕಳ ಬಾಯಲ್ಲಿ ಓಡಾಡುತ್ತದೆ. ಅದನ್ನು ನಂಬಿ ಕೆಟ್ಟವರನ್ನು ಕಂಡಿದ್ದೇನೆ.


ಸಾಗರದ ನಿವೃತ್ತ ಮೇಷ್ಟ್ರು ಬರೆದದ್ದು

ಶೆನ್‌ಜೆನ್‌ನ ಮಿತ್ರರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಓದದೆ ತೆಗೆದುಹಾಕಲಾಗದು ಎನ್ನುವುದು ವಿವರದ ಪ್ರಶ್ನೆಗೆ ಸರಿ, ಆದರೆ ಓನ್ಲಿ ಮತ್ತು ಆಲ್ ಕಂಡ ಕೂಡಲೇ ಗೀಟು ಹಾಕಲು ಗದ್ಯದ ಹಂಗೇ ಬೇಕಿಲ್ಲ. ನಮ್ಮ ಕಡೆಯ ಹತ್ತನೆಯ ತರಗತಿಯ ಮಕ್ಕಳು ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಅದು ಸಿಕ್ಕ ಸಾಲನ್ನು ಪೂರ್ಣವಿರಾಮದಿಂದ ಪೂರ್ಣವಿರಾಮದವರೆಗೆ ನಕಲಿಳಿಸಿ ಅಂಕ ಪಡೆಯುವುದನ್ನು ಮೂವತ್ತು ವರ್ಷ ನೋಡಿದ್ದೇನೆ. ಉಪಾಯ ಬೇರೆ, ಸ್ವಭಾವ ಒಂದೇ.

ಹಾಂಗ್‌ಝೌನ ತಂಗಿಗೆ ನನ್ನ ಪ್ರಶ್ನೆ ಇಷ್ಟೇ. ಹುಡುಗಿ ಎಡವುವುದು ಪದದಲ್ಲೋ, ವಾಕ್ಯದಲ್ಲೋ? ಜೇನಿನ ವಾಕ್ಯದಲ್ಲಿ ಅವಳಿಗೆ ಗೊತ್ತಿಲ್ಲದ ಪದ ಯಾವುದಿತ್ತು? ಇದನ್ನು ನೋಡದೆ ಔಷಧ ಹೇಳುವುದು ನಾಡಿ ಹಿಡಿಯದೆ ಕಷಾಯ ಕೊಟ್ಟಂತಾಗುತ್ತದೆ.


ಹಾಂಗ್‌ಝೌ ನಿವಾಸಿ ಬರೆದದ್ದು

ಮೇಷ್ಟ್ರೇ, ಆ ವಾಕ್ಯದಲ್ಲಿ ಅವಳಿಗೆ ತಿಳಿಯದ ಪದ ಒಂದೂ ಇರಲಿಲ್ಲ. ಬೀ, ಲೈಬ್ರೇರಿಯನ್, ಕೀಪ್, ರೂಫ್, ಮೂವ್, ಫಾರ್ಮ್ ಎಲ್ಲವೂ ಬಾಯಿಪಾಠವಿವೆ. ಕೇಳಿದರೆ ಆ ಉಪವಾಕ್ಯದ ವ್ಯಾಕರಣದ ಹೆಸರನ್ನೂ ಚೀನೀ ಭಾಷೆಯಲ್ಲಿ ಹೇಳುತ್ತಾಳೆ, ಡಿಂಗ್‌ಯೂ ತ್ಸೋಂಗ್‌ಜೂ ಅಂತ. ಶಾಲೆಯ ಟಿಪ್ಪಣಿ ಪುಸ್ತಕದಲ್ಲಿ ಇಂಥ ವಾಕ್ಯಗಳನ್ನು ಕರ್ತೃವಿಗೊಂದು ಗೆರೆ, ಕ್ರಿಯಾಪದಕ್ಕೆ ಎರಡು ಗೆರೆ, ಉಪವಾಕ್ಯಕ್ಕೆ ಆವರಣ ಹಾಕಿ ಬಣ್ಣಬಣ್ಣದಲ್ಲಿ ಬಿಡಿಸಿಟ್ಟಿದ್ದಾಳೆ. ನಿಂತ ವಾಕ್ಯವನ್ನು ಬಿಡಿಸಬಲ್ಲಳು. ಓಡುವ ವಾಕ್ಯದಲ್ಲಿ ಅದೇ ಕಾಣಿಸುವುದಿಲ್ಲ.


ಚೀನೀ ಭಾಷೆಯ ವಿದ್ಯಾರ್ಥಿನಿ ಬರೆದದ್ದು

ಈ ಚರ್ಚೆಯಲ್ಲಿ ಭಾಗವಹಿಸಲು ನನಗೆ ಒಂದು ವಿಶೇಷ ಕಾರಣವಿದೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ಇಂಗ್ಲಿಷ್ ಕಲಿತು, ಈಗ ಐದು ವರ್ಷಗಳಿಂದ ಚೀನೀ ಭಾಷೆ ಕಲಿಯುತ್ತಿದ್ದೇನೆ. ಆ ಹುಡುಗಿ ಎಡವಿದ ಜಾಗದಲ್ಲಿ ಹತ್ತನೆಯ ತರಗತಿಯಲ್ಲಿ ನಾನೂ ಎಡವಿದ್ದೆ, ಕಾರಣವೂ ಒಂದೇ ಎಂದು ನನಗೆ ಅನ್ನಿಸುತ್ತದೆ.

ಜೇನಿನ ವಾಕ್ಯವನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ನಾವು 'ಗ್ರಂಥಪಾಲಕರು ಛಾವಣಿಯ ಮೇಲೆ ಸಾಕಿದ್ದ ಜೇನುನೊಣಗಳು' ಎನ್ನುತ್ತೇವೆ. ಜೇನಿನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಮೊದಲೇ ಹೇಳಿ, ಜೇನನ್ನು ಕೊನೆಯಲ್ಲಿ ತರುತ್ತೇವೆ. ಚೀನೀಯಲ್ಲೂ ಹಾಗೆಯೇ: 'ಥೂಶೂ ಗ್ವಾನ್‌ಲೀಯುವಾನ್ ಝಾಯ್ ವೂಡಿಂಗ್ ಶಾಂಗ್ ಯಾಂಗ್ ದ ಮೀಫೆಂಗ್.' ಗ್ರಂಥಪಾಲಕ, ಛಾವಣಿಯ ಮೇಲೆ, ಸಾಕು, ಆಮೇಲೆ ದ ಎಂಬ ಪುಟ್ಟ ಪದ, ಕೊನೆಗೆ ಜೇನು. ನಮ್ಮ 'ಸಾಕಿದ್ದ' ಎಂಬುದರ ಕೊನೆಯ ಅಕ್ಷರ ಮಾಡುವ ಕೆಲಸವನ್ನು ಅವರ ದ ಮಾಡುತ್ತದೆ. ಉಚ್ಚಾರವೂ ಹತ್ತಿರವಿರುವುದು ಆಕಸ್ಮಿಕವಾದರೂ, ನನಗೆ ಮೊದಲ ಸಲ ಅದು ಹೊಳೆದಾಗ ನಗು ಬಂದಿತ್ತು. ಇಂಗ್ಲಿಷಿನಲ್ಲಿ ಇದೆಲ್ಲ ಹಿಂದುಮುಂದು. ಮೊದಲು ಜೇನು ಬಂದು ನಿಲ್ಲುತ್ತದೆ, ಅದರ ವಿಷಯವೆಲ್ಲ ಬಾಲದಂತೆ ಹಿಂದೆ ಬರುತ್ತದೆ, ಆ ಬಾಲದ ತುದಿಯಲ್ಲಿರುವ ರೂಫ್ ಎಂಬ ನಾಮಪದ ಮುಂದಿನ ಕ್ರಿಯಾಪದಕ್ಕೆ ಮೈ ತಾಗಿಸಿ ನಿಲ್ಲುತ್ತದೆ. ಅವಸರದ ಕಣ್ಣು ಪಕ್ಕಪಕ್ಕದ ಎರಡನ್ನು ಸೇರಿಸಿ, 'ರೂಫ್ ವರ್ ಮೂವ್ಡ್' ಎಂದು ಓದಿಬಿಡುತ್ತದೆ. ರೂಫ್ ಏಕವಚನ, ವರ್ ಬಹುವಚನ ಎಂಬ ಎಚ್ಚರಿಕೆ ಚೀನೀ ಮಗುವಿಗೆ ಸಿಗುವುದಿಲ್ಲ. ಏಕೆಂದರೆ ಅವರ ಭಾಷೆಯಲ್ಲಿ ಕ್ರಿಯಾಪದ ವಚನಕ್ಕಾಗಲಿ ಕಾಲಕ್ಕಾಗಲಿ ರೂಪ ಬದಲಿಸುವುದೇ ಇಲ್ಲ. ಈ ವಿಷಯದಲ್ಲಿ ಕನ್ನಡದ ಮಗು ಪುಣ್ಯ ಮಾಡಿದೆ. ನಮಗೆ 'ಛಾವಣಿ ಸಾಗಿಸಲ್ಪಟ್ಟವು' ಎಂದರೆ ಕೂಡಲೇ ಕಿವಿಗೆ ಚುಚ್ಚುತ್ತದೆ. 'ಹ್ಯಾಡ್ ಕೆಪ್ಟ್' ಎಂಬಲ್ಲಿ ಸಾಕಿದ್ದು ಮೊದಲು, ಸಾಗಿಸಿದ್ದು ಆಮೇಲೆ ಎಂಬ ಸೂಚನೆಯೂ ಅವಳಿಗೆ ಅಷ್ಟು ಜೋರಾಗಿ ಕೇಳಿಸಲಾರದು.

ಪೂರ್ಣ ವಾಕ್ಯದ ಮಟ್ಟದಲ್ಲಿ ಮಾತ್ರ ಚೀನೀ ಮಗುವೇ ನಮಗಿಂತ ಅನುಕೂಲದ ಸ್ಥಿತಿಯಲ್ಲಿದೆ. ಇಂಗ್ಲಿಷಿನಂತೆ ಅವರಲ್ಲೂ ಕರ್ತೃ, ಕ್ರಿಯೆ, ಕರ್ಮ ಎಂಬ ಅನುಕ್ರಮವಿದೆ, ನಮ್ಮಂತೆ ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವುದಿಲ್ಲ. ಮನೆಯ ಹೆಬ್ಬಾಗಿಲು ಇಂಗ್ಲಿಷಿಗೂ ಚೀನೀಗೂ ಒಂದೇ ದಿಕ್ಕಿಗಿದೆ, ಒಳಗಿನ ಕೋಣೆಗಳು ಮಾತ್ರ ತಿರುಗುಮುರುಗು ಎನ್ನಬಹುದು. ಚಿಕ್ಕ ವಾಕ್ಯಗಳಲ್ಲಿ ಅವಳು ಚುರುಕಾಗಿ ಓಡುವುದಕ್ಕೂ ಉದ್ದ ವಾಕ್ಯದಲ್ಲಿ ದಿಢೀರನೆ ಮುಗ್ಗರಿಸುವುದಕ್ಕೂ ಇದೇ ಕಾರಣವಿರಬೇಕು. ಅಲ್ಲಿಯ ಅಧ್ಯಾಪಕರಿಗೆ ಈ ತೊಡಕು ಗೊತ್ತಿಲ್ಲದೆ ಇಲ್ಲ. ಛಾಂಗ್ ನಾನ್ ಜೂ, ಅಂದರೆ ಉದ್ದದ ಕಷ್ಟವಾಕ್ಯ, ಎಂಬ ಹೆಸರಿನಲ್ಲಿ ಅದಕ್ಕೇ ಮೀಸಲಾದ ಅಭ್ಯಾಸ ಪುಸ್ತಕಗಳಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ವಾಕ್ಯವನ್ನು ಬಿಡಿಸಿ ತೋರಿಸುತ್ತವೆ, ಎಡದಿಂದ ಬಲಕ್ಕೆ ಓದುತ್ತಾ ಹೋಗುವಾಗ ಮನಸ್ಸಿನಲ್ಲಿ ಏನನ್ನು ಹಿಡಿದಿಟ್ಟುಕೊಳ್ಳಬೇಕು ಎಂಬುದನ್ನು ಹೇಳುವುದಿಲ್ಲ.

ನನಗೆ ಉಪಯೋಗಕ್ಕೆ ಬಂದ ವಿಧಾನ ತೀರ ಸರಳವಾದದ್ದು. ಒಂದು ರಟ್ಟಿನ ಚೂರಿನಿಂದ ವಾಕ್ಯವನ್ನು ಮುಚ್ಚಿ, ಪದಗುಚ್ಛ ಪದಗುಚ್ಛವಾಗಿ ತೆರೆಯುತ್ತಾ ಹೋಗಬೇಕು. 'ದ ಬೀಸ್' ತೆರೆದೊಡನೆ, ಜೇನುಗಳು ಏನು ಮಾಡಿದವು ಅಥವಾ ಅವುಗಳಿಗೆ ಏನಾಯಿತು ಎಂದು ಕೇಳಿಕೊಳ್ಳಬೇಕು. 'ದಟ್ ದ ಲೈಬ್ರೇರಿಯನ್' ಎಂದು ಕಂಡಾಗ ಉತ್ತರ ಇನ್ನೂ ಬಂದಿಲ್ಲ, ಇದು ನಡುವಿನ ಮಾತು ಎಂದು ತಿಳಿದು ಪ್ರಶ್ನೆಯನ್ನು ಹಾಗೆಯೇ ಹಿಡಿದಿರಬೇಕು. 'ವರ್ ಮೂವ್ಡ್' ಬಂದಾಗ ಮಾತ್ರ ಆ ಪ್ರಶ್ನೆಯನ್ನು ಕೈಬಿಡಬೇಕು. ಚೀನೀ ಅಧ್ಯಾಪಕರು ಪದಗುಚ್ಛಕ್ಕೆ ಯೀ ಛ್ಯುನ್, ಅರ್ಥದ ಹಿಂಡು, ಎನ್ನುತ್ತಾರೆ. ಆ ಹೆಸರಿನಲ್ಲಿ ಹೇಳಿದರೆ ಹುಡುಗಿಗೆ ಕೂಡಲೇ ತಿಳಿಯುತ್ತದೆ. ದಿನಕ್ಕೆ ಐದು ವಾಕ್ಯ ಸಾಕು, ಐವತ್ತು ಬೇಡ.


ವುಹಾನ್‌ನಲ್ಲಿ ಓದಿದ ವೈದ್ಯ ಬರೆದದ್ದು

ವೈದ್ಯಕೀಯ ಓದುವಾಗ ಚೀನೀ ಗೆಳೆಯನ ತಮ್ಮನಿಗೆ ಇಂಗ್ಲಿಷ್ ಓದಲು ನೆರವಾಗಿದ್ದೆ. ಮೇಲಿನ ವ್ಯಾಕರಣದ ಮಾತುಗಳನ್ನು ಒಪ್ಪುತ್ತೇನೆ, ಆದರೆ ಪದಗಳ ಹೊರೆಯನ್ನು ಯಾರೂ ಹೇಳಿಲ್ಲ. ಒಂಬತ್ತನೆಯ ತರಗತಿ ಮುಗಿಯುವಾಗ 1600ರಷ್ಟು ಪದ, ಗಾವೊಕಾವೊ ವೇಳೆಗೆ 3000ಕ್ಕೂ ಹೆಚ್ಚು ಪದ ಬರಬೇಕೆಂದು ಅವರ ಪಠ್ಯಕ್ರಮ ಹೇಳುತ್ತದೆ. ನಮ್ಮೂರಿನ ಹುಡುಗನಿಗೆ ಬಸ್ಸು, ಟಿಕೆಟ್ಟು, ಕಂಪ್ಯೂಟರು, ಫೋನು ಎಂದು ನೂರಾರು ಇಂಗ್ಲಿಷ್ ಪದಗಳು ಹುಟ್ಟಿದಾಗಿನಿಂದ ಕಿವಿಯ ಮೇಲೆ ಬಿದ್ದಿರುತ್ತವೆ. ಚೀನೀ ಭಾಷೆ ಹೊರಗಿನ ಪದವನ್ನು ಹೆಚ್ಚಾಗಿ ಅನುವಾದಿಸಿಯೇ ಒಳಗೆ ಬಿಡುತ್ತದೆ. ಕಂಪ್ಯೂಟರ್ ಅಲ್ಲಿ ವಿದ್ಯುತ್ತಿನ ಮಿದುಳು, ರೈಲು ಬೆಂಕಿಯ ಬಂಡಿ, ದೂರವಾಣಿ ವಿದ್ಯುತ್ತಿನ ಮಾತು. ಆದ್ದರಿಂದ ಕಂಪ್ಯೂಟರ್ ಎಂಬ ಪದವನ್ನೂ ಅವರು ಮೊದಲಿನಿಂದ, ಅಕ್ಷರ ಅಕ್ಷರವಾಗಿ ಉರು ಹೊಡೆಯಬೇಕು.

ಪದಕೋಶದ ಪುಸ್ತಕಗಳು ಅಕಾರಾದಿಯಲ್ಲಿರುತ್ತವೆ, ಮೊದಲ ಪುಟದಲ್ಲೇ ಅಬ್ಯಾಂಡನ್ ಸಿಗುತ್ತದೆ, ಅಂದರೆ ಕೈಬಿಡು. ಅದೊಂದನ್ನು ಕಲಿತು ಪುಸ್ತಕವನ್ನೇ ಕೈಬಿಟ್ಟೆವು ಎಂದು ಇಡೀ ದೇಶದ ವಿದ್ಯಾರ್ಥಿಗಳು ನಗೆಯಾಡುತ್ತಾರೆ. ಆ ತಮ್ಮನ ಪುಸ್ತಕದಲ್ಲೂ ಮೊದಲ ನಾಲ್ಕು ಪುಟ ಮಾತ್ರ ಕೊಳೆಯಾಗಿದ್ದವು.

ಒಂದು ಒಳ್ಳೆಯ ಅಂಶವೂ ಇದೆ. ಚೀನೀ ಮಕ್ಕಳಿಗೆ ಪದವನ್ನು ಒಡೆದು ಅರ್ಥ ಊಹಿಸುವ ಅಭ್ಯಾಸ ರಕ್ತದಲ್ಲೇ ಇರುತ್ತದೆ. ಅಕ್ಷರದೊಳಗೆ ನೀರಿನ ಗುರುತಿದ್ದರೆ ನದಿಗೋ ಸಮುದ್ರಕ್ಕೋ ಸಂಬಂಧಿಸಿದ್ದಿರಬೇಕು ಎಂದು ಚಿಕ್ಕಂದಿನಿಂದ ಊಹಿಸುತ್ತಾ ಬೆಳೆದವರು ಅವರು. ಅನ್, ರೀ, ಲೆಸ್, ಫುಲ್ ಮುಂತಾದ ತುಣುಕುಗಳನ್ನು ಆ ರೀತಿಯಲ್ಲೇ ತೋರಿಸಿಕೊಟ್ಟಾಗ ಆ ಹುಡುಗ ಬಹಳ ಬೇಗ ಹಿಡಿದುಕೊಂಡ. ಗೆರೆ ಎಳೆದ ಪದದ ಪ್ರಶ್ನೆಗೆ ಇದು ನೇರವಾಗಿ ಉಪಯೋಗವಾಗುತ್ತದೆ.


ಶೆನ್‌ಜೆನ್ ಕನ್ನಡಿಗ ಬರೆದದ್ದು

ವಿದ್ಯಾರ್ಥಿನಿಯವರ ವಿವರಣೆ ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಆಯ್ಕೆಗಳನ್ನು ತೆಗೆದುಹಾಕುವ ಉಪಾಯ ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಾನು ಹೇಳಿರಲಿಲ್ಲ. ಅದು ಕೈಕೊಡುವ ಜಾಗಗಳು ಎರಡು.

ಮೊದಲನೆಯದು ಏಳರಲ್ಲಿ ಐದು ಆರಿಸುವ ಭಾಗ. ಅಲ್ಲಿ ಓನ್ಲಿ, ಆಲ್ ಎಂಬ ಗುರುತುಗಳಿಂದ ಪ್ರಯೋಜನವಿಲ್ಲ. ಏಳೂ ವಾಕ್ಯಗಳು ಅವುಗಳಷ್ಟಕ್ಕೆ ಸರಿಯಾಗಿಯೇ ಇರುತ್ತವೆ, ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಯಾವುದು ಕೊಂಡಿಯಾಗುತ್ತದೆ ಎಂಬುದೇ ಪ್ರಶ್ನೆ. ಒಂದು ತಪ್ಪಾದರೆ ಇನ್ನೊಂದು ಜಾಗದ ವಾಕ್ಯವನ್ನು ತಿಂದುಹಾಕಿ ಎರಡು ತಪ್ಪಾಗುವ ಸಂಭವವೂ ಹೆಚ್ಚು.

ಎರಡನೆಯದು, ಹೆಸರಿಗೆ ಬರವಣಿಗೆಯಾದರೂ ನಿಜವಾಗಿ ಓದಿನ ಪರೀಕ್ಷೆಯಾಗಿರುವ ದೂ ಹೌ ಶೂ ಶ್ಯೆ, ಅಂದರೆ ಓದಿದ ಮೇಲೆ ಮುಂದುವರಿಸಿ ಬರೆಯುವುದು. 350 ಪದಗಳ ಆಸುಪಾಸಿನ ಕಥೆಯೊಂದನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನ ಎರಡು ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಕೊಟ್ಟಿರುತ್ತಾರೆ. ಮಿಕ್ಕಿದ್ದನ್ನು ವಿದ್ಯಾರ್ಥಿ 150 ಪದಗಳಷ್ಟರಲ್ಲಿ ಬರೆದು ಮುಗಿಸಬೇಕು. ಇದಕ್ಕೆ 25 ಅಂಕ. ಮೊದಲು ಜಾರಿಗೆ ಬಂದದ್ದೂ ಮೇಡಂ ಅವರ ಝೆಜಿಯಾಂಗ್‌ನಲ್ಲೇ, 2016ರಲ್ಲಿ. ಛಾವಣಿಯನ್ನು ತೋಟಕ್ಕೆ ಸಾಗಿಸಿದರೆಂದು ತಿಳಿದ ಮಗು ಇಲ್ಲಿ ಏನು ಬರೆದೀತು? ಆಯ್ಕೆಗಳೇ ಇಲ್ಲದ ಕಡೆ ತಪ್ಪು ತಿಳಿವಳಿಕೆ ಬಟಾಬಯಲಾಗುತ್ತದೆ.

ಒಂದು ಅಂಕದ ಬೆಲೆ ಏನೆಂಬುದಕ್ಕೆ ಅದೇ ಪ್ರಾಂತ್ಯದ ಇನ್ನೊಂದು ಸಂಗತಿ ನೆನಪಾಗುತ್ತದೆ. 2018ರ ನವೆಂಬರ್‌ನ ಇಂಗ್ಲಿಷ್ ಪರೀಕ್ಷೆ (ಆಗ ಅದು ಜನವರಿಯ ಬದಲು ನವೆಂಬರ್‌ನಲ್ಲಿ ನಡೆಯುತ್ತಿತ್ತು) ಹಿಂದಿನದಕ್ಕಿಂತ ಕಠಿಣವಾಗಿತ್ತೆಂದು, ಓದಿನ ಕೆಲವು ಪ್ರಶ್ನೆಗಳಿಗೂ ಈ ಕಥೆ ಮುಂದುವರಿಸುವ ಭಾಗಕ್ಕೂ ಹೆಚ್ಚು ತೂಕ ಕೊಟ್ಟು ಅಂಕ ಏರಿಸಿದರು. ಪೋಷಕರು ಸುಮ್ಮನಿರಲಿಲ್ಲ. ಪ್ರಾಂತೀಯ ಸರ್ಕಾರ ತನಿಖೆ ನಡೆಸಿ, ಡಿಸೆಂಬರ್‌ನಲ್ಲಿ ಆ ಕ್ರಮವನ್ನು ರದ್ದುಪಡಿಸಿ ಮೂಲ ಅಂಕಗಳನ್ನೇ ಉಳಿಸಿತು. ಇಂಥ ವಾತಾವರಣದಲ್ಲಿರುವ ತಾಯಿಗೆ 'ದಿನಕ್ಕೆ ಐದು ವಾಕ್ಯ ಸಾಕು' ಎಂದು ಹೇಳುವ ಧೈರ್ಯ ಯಾರಿಗಿದೆ ಎಂಬುದನ್ನೂ ಯೋಚಿಸಬೇಕು.


ಸಾಗರದ ನಿವೃತ್ತ ಮೇಷ್ಟ್ರು ಬರೆದದ್ದು

ಧೈರ್ಯ ನನಗಿದೆ, ಆದರೆ ಆ ತಾಯಿಗೆ ಕನ್ನಡ ಬರುವುದಿಲ್ಲ, ನನಗೆ ಚೀನೀ ಬರುವುದಿಲ್ಲ.

ಪೂರ್ತಿ ಪತ್ರಿಕೆಯ ಅಭ್ಯಾಸವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ವಾರಕ್ಕೊಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಮಾಡಲಿ. ಅದರಲ್ಲಿ ಒಂದು ಗದ್ಯಭಾಗವನ್ನು ಮಾತ್ರ, ಎಲ್ಲ ಉತ್ತರಗಳೂ ಸರಿಯಾಗಿದ್ದರೂ, ಮತ್ತೆ ಓದಿಸಬೇಕು. ತಪ್ಪಾದ ಪ್ರಶ್ನೆಯನ್ನು ಮಾತ್ರ ತಿದ್ದುವುದು ನಮ್ಮ ಕಸುಬಿನ ಹಳೆಯ ರೋಗ. ಸರಿಯಾದ ಉತ್ತರದ ಒಳಗೆ ಅಡಗಿರುವ ತಪ್ಪನ್ನು ತಂಗಿ ಕಥೆ ಹೇಳಿಸಿ ಪತ್ತೆ ಮಾಡಿದ್ದಾಳೆ, ಅದನ್ನು ಬಿಡಬಾರದು.

ಏಳು-ಐದರ ಭಾಗಕ್ಕೆ ಕತ್ತರಿ ಹಿಡಿಯಿರಿ. ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ಯಾರಾವನ್ನು ವಾಕ್ಯ ವಾಕ್ಯವಾಗಿ ಕತ್ತರಿಸಿ ಮೇಜಿನ ಮೇಲೆ ಹರಡಿ, ಜೋಡಿಸಲು ಹೇಳಿ. ಜೋಡಿಸುವಾಗ ಇಟ್, ದಿಸ್, ದೇ, ಹವೆವರ್, ಇನ್‌ಸ್ಟೆಡ್ ಎಂಬ ಪದಗಳ ಮೇಲೆ ಬೆರಳಿಟ್ಟು, ಅದು ಹಿಂದಿನ ಯಾವುದನ್ನು ಹಿಡಿದುಕೊಂಡಿದೆ ಎಂದು ಕೇಳಿ. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗರೂ ಇದಕ್ಕಾಗಿ ಮುಂದಕ್ಕೆ ಬರುತ್ತಿದ್ದರು. ಫ್ಯಾನು ಮಾತ್ರ ಆರಿಸಿರಬೇಕು.


ಚೀನೀ ಭಾಷೆಯ ವಿದ್ಯಾರ್ಥಿನಿ ಬರೆದದ್ದು

ಒಂದು ಮಾತು ಸೇರಿಸುತ್ತೇನೆ. ಪರೀಕ್ಷೆಯ ಗದ್ಯಭಾಗಗಳು ಹೆಚ್ಚಾಗಿ ಇಂಗ್ಲಿಷ್ ನಾಡುಗಳ ಪತ್ರಿಕೆ, ಜಾಲತಾಣಗಳ ಬರಹಗಳನ್ನು ಮೊಟಕುಗೊಳಿಸಿ, ಸರಳಗೊಳಿಸಿ ಮಾಡಿದವು. ಎ ಭಾಗ ಸಾಮಾನ್ಯವಾಗಿ ಪ್ರಕಟಣೆಯ ಬಗೆಯದು: ವಸ್ತುಸಂಗ್ರಹಾಲಯದ ಸಮಯ, ಬೇಸಿಗೆ ಶಿಬಿರದ ಶುಲ್ಕ ಹೀಗೆ. ಬಿ ಭಾಗ ಹೆಚ್ಚಿನ ಸಲ ಒಬ್ಬರ ಅನುಭವದ ಕಥೆ. ಸಿ ಮತ್ತು ಡಿ ವಿಜ್ಞಾನ ಅಥವಾ ಸಮಾಜದ ವಿಷಯದ ವಿವರಣೆ. ಮೊಟಕುಗೊಳಿಸುವಾಗ ಮೂಲದಲ್ಲಿದ್ದ ಉಸಿರು ತೆಗೆದುಕೊಳ್ಳುವ ಜಾಗಗಳು ಹೋಗಿ, ಪ್ರತಿ ವಾಕ್ಯವೂ ಮಾಹಿತಿಯಿಂದ ಬಿಗಿದುಕೊಂಡಿರುತ್ತದೆ. ಅಂಥವನ್ನೇ ಓದುತ್ತಾ ಬೆಳೆದ ಮಗುವಿಗೆ ಇಂಗ್ಲಿಷ್ ಎಂದರೆ ಕಗ್ಗಂಟು ಎನಿಸಿದರೆ ಆಶ್ಚರ್ಯವಿಲ್ಲ. ಪಠ್ಯಕ್ರಮವೇನೋ ಕಡ್ಡಾಯ ಹಂತದಲ್ಲಿ ಪಠ್ಯಪುಸ್ತಕದ ಹೊರಗೆ ವಾರಕ್ಕೆ 1500 ಪದಗಳಿಗೆ ಕಡಿಮೆಯಿಲ್ಲದಂತೆ ಓದಬೇಕೆಂದು ಹೇಳುತ್ತದೆ. ಆ 1500 ಪದಗಳೂ ನಾಲ್ಕು ಆಯ್ಕೆಯ ಪ್ರಶ್ನೆಗಳಲ್ಲೇ ಸಂದಾಯವಾಗುತ್ತಿವೆಯೇ ಎಂದು ಅನುಮಾನ. ಪ್ರಶ್ನೆಯೇ ಇಲ್ಲದ ಎರಡು ಪುಟದ ಕಥೆಯೊಂದನ್ನು ವಾರಕ್ಕೊಮ್ಮೆ ಕೊಟ್ಟು ನೋಡಿ, ಮೇಡಂ.


ಹಾಂಗ್‌ಝೌ ನಿವಾಸಿ ಬರೆದದ್ದು

ಎಲ್ಲರಿಗೂ ಕೃತಜ್ಞತೆಗಳು. ಮೂರು ಭಾನುವಾರಗಳ ನಂತರ ಬರೆಯುತ್ತಿದ್ದೇನೆ.

ಮೊದಲ ವಾರ ರಟ್ಟಿನ ಚೂರು ಹುಡುಗಿಗೆ ಅವಮಾನವೆನಿಸಿತು, ಇದು ಪ್ರಾಥಮಿಕ ಶಾಲೆಯ ಆಟ ಎಂದು ಮುಖ ಸಿಂಡರಿಸಿದಳು. ಯೀ ಛ್ಯುನ್ ಎಂಬ ಪದ ಹೇಳಿದ ಮೇಲೆ ಸ್ವಲ್ಪ ಗೌರವ ಬಂತು. ನಾನು ಕನ್ನಡದ ವಾಕ್ಯವನ್ನು ಪದಕ್ಕೆ ಪದ ಚೀನೀಯಲ್ಲಿ ಬರೆದು ತೋರಿಸಿದಾಗ, ನಮ್ಮ ಜೇನೂ ಅವರ ಜೇನೂ ಕೊನೆಯಲ್ಲೇ ಬರುತ್ತವೆಂದು ಕಂಡು, ನಿಮ್ಮ ಭಾಷೆ ಇಷ್ಟು ಸರಿಯಾಗಿದೆಯಲ್ಲ ಎಂದಳು. ಹಾಗಾದರೆ ಇಂಗ್ಲಿಷರು ಏಕೆ ಹಾಗೆ ಮಾಡುತ್ತಾರೆ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ವಾರ ಕತ್ತರಿ ಪ್ರಯೋಗ. ಫ್ಯಾನು ಆರಿಸಿದ್ದೆವು, ಆದರೆ ಅವರ ಮನೆಯ ಬೆಕ್ಕಿನ ವಿಷಯ ಮೇಷ್ಟ್ರು ಮುನ್ಸೂಚನೆ ಕೊಟ್ಟಿರಲಿಲ್ಲ. ಹನ್ನೊಂದು ವಾಕ್ಯಗಳಲ್ಲಿ ಒಂದು ಸೋಫಾದ ಕೆಳಗೆ ಸೇರಿತು. ವಿಶೇಷವೆಂದರೆ, ಹತ್ತನ್ನು ಜೋಡಿಸಿದ ಮೇಲೆ ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಏನೋ ಇಲ್ಲ, ಇಲ್ಲಿ ದೇ ಅಂದರೆ ಯಾರು ಎಂದು ಅವಳೇ ಕಂಡುಹಿಡಿದಳು. ಆಮೇಲೆ ಸೋಫಾ ಸರಿಸಿದೆವು.

ಮೊನ್ನೆಯ ಭಾನುವಾರ ಮತ್ತೆ ಗಡಿಯಾರ ಇಟ್ಟು ನಾಲ್ಕು ಗದ್ಯಭಾಗ ಮಾಡಿಸಿದೆ. ಸತ್ಯ ಹೇಳಬೇಕೆಂದರೆ ಅಂಕ ಕಡಿಮೆಯಾಗಿದೆ: 15ರಲ್ಲಿ 12, ಸಮಯವೂ ನಲವತ್ತೊಂದು ನಿಮಿಷ ಹಿಡಿಯಿತು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಡಿ ಭಾಗದಲ್ಲಿ ದೀಪಸ್ತಂಭಗಳ ಬಗ್ಗೆ ಮೂರು ಸಾಲಿನ ವಾಕ್ಯವೊಂದಿತ್ತು. 'ವಿಚ್' ಬಂದ ಕೂಡಲೇ ಪೆನ್ಸಿಲನ್ನು ಎತ್ತಿ ಹಿಡಿದು, ಎರಡನೆಯ ಸಾಲು ದಾಟಿ ಕ್ರಿಯಾಪದ ಸಿಗುವವರೆಗೂ ಕೆಳಗಿಡಲಿಲ್ಲ. ಸಿಕ್ಕ ಮೇಲೆ ಅದರ ಕೆಳಗೆ ಒಂದು ಚುಕ್ಕೆ ಇಟ್ಟು ಮುಂದಕ್ಕೆ ಹೋದಳು. ಆ ವಾಕ್ಯದ ಮೇಲಿದ್ದ ಪ್ರಶ್ನೆ ಸರಿಯಾಗಿತ್ತು. ಬಿ ಆಯ್ಕೆ ಏಕೆ ತಪ್ಪೆಂದು ಕೇಳಿದ್ದಕ್ಕೆ, ದೀಪ ಹಚ್ಚುತ್ತಿದ್ದವನು ಕಾವಲುಗಾರನಲ್ಲ, ಅವನ ಮಗಳು, ಝಾಂಗ್‌ನ ಟೋಪಿ ಎಂದಳು. ಕಥೆಯನ್ನೂ ಪೂರ್ತಿಯಾಗಿ, ಯಾವ ಕಟ್ಟಡವನ್ನೂ ಸ್ಥಳಾಂತರಿಸದೆ ಹೇಳಿದಳು.

ತಾಯಿಗೆ 12 ಎಂಬ ಸಂಖ್ಯೆ ಮಾತ್ರ ಕಂಡಿದೆ. ಹುಡುಗಿ ಒಳಗೆ ಹೋದ ಮೇಲೆ, ಜನವರಿಯ ಪರೀಕ್ಷೆಯ ವೇಳೆಗೆ ವೇಗ ಮರಳಿ ಬರುತ್ತದೆಯೇ ಎಂದು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು. ಜೂನ್‌ನಲ್ಲಿ ಇನ್ನೊಂದು ಅವಕಾಶವಿದೆಯಲ್ಲ ಎಂದು ಹೇಳಿ ಬಂದಿದ್ದೇನೆ. ವೇಗವನ್ನು ಮರಳಿ ತರುವ ಬಗ್ಗೆ ಅನುಭವವಿರುವವರು ದಯವಿಟ್ಟು ಇಲ್ಲಿಯೇ ಬರೆಯಿರಿ. ಮುಂದಿನ ಭಾನುವಾರಕ್ಕೆ ನಾನು ಪ್ರಶ್ನೆಗಳಿಲ್ಲದ ಎರಡು ಪುಟದ ಕಥೆಯೊಂದನ್ನು ಮುದ್ರಿಸಿಟ್ಟುಕೊಂಡಿದ್ದೇನೆ.